ಗ್ರಾಮರ್ ಚೆಕರ್ ಬಳಸಿದರೆ ಮಕ್ಕಳು ತಪ್ಪಿನಿಂದ ಕಲಿಯುತ್ತಾರಾ?

ಪ್ರಶ್ನೆ: ಸರ್, ನಾನು ಬಾಗೇಪಲ್ಲಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಒಂಬತ್ತನೇ ತರಗತಿಯಲ್ಲಿ 42 ಮಕ್ಕಳಿದ್ದಾರೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆಮಾತು ತೆಲುಗು. ನಮ್ಮೂರ ಜಾತ್ರೆ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ತನ್ನಿ ಅಂದಿದ್ದೆ. ಒಬ್ಬ ಹುಡುಗ ಒಂದೂ ತಪ್ಪಿಲ್ಲದ ಪ್ರಬಂಧ ತಂದ. ಮಾರನೇ ದಿನ ಕ್ಲಾಸಿನಲ್ಲೇ ಐದು ಸಾಲು ಬರೆಸಿದರೆ ಸಾಲು ಸಾಲಿಗೂ ತಪ್ಪು. ಕೇಳಿದ್ದಕ್ಕೆ, ‘ಅಪ್ಪನ ಫೋನಲ್ಲಿ ಟೈಪ್ ಮಾಡಿದೆ ಮಿಸ್, ಅದು ತಿದ್ದಿ ಕೊಡ್ತು, ನೋಡ್ಕೊಂಡು ಬರೆದೆ’ ಅಂದ. ತಾನು ತಪ್ಪು ಮಾಡಿದ್ದೇನೆ ಅಂತ ಅವನಿಗೆ ಅನಿಸಿಯೇ ಇಲ್ಲ. ಹೆಡ್‌ಮಾಸ್ಟರು ಇದನ್ನೆಲ್ಲ ನಿಲ್ಲಿಸಿ ಅನ್ನುತ್ತಾರೆ. ಹುಡುಗನ ತಂದೆ, ದುಡ್ಡು ಕಟ್ಟಿ ಇನ್ನೂ ಒಳ್ಳೆಯ ಆ್ಯಪ್ ಕೊಡಿಸಲಾ ಅಂತ ಕೇಳುತ್ತಾರೆ. ನನಗೋ ನೋಟ್‌ಬುಕ್ ತಿದ್ದಿ ತಿದ್ದಿ ಸಾಕಾಗಿದೆ, ಅದೇ ತಪ್ಪುಗಳು ಮತ್ತೆ ಮತ್ತೆ ಬರುತ್ತವೆ. ಕಾಗುಣಿತ, ವ್ಯಾಕರಣ ನೋಡಿ ತಿದ್ದಿ ಕೊಡುವ ಈ ಗ್ರಾಮರ್ ಚೆಕರ್ ಸಾಫ್ಟ್‌ವೇರ್‌ಗಳಿಂದ ಮಕ್ಕಳು ನಿಜವಾಗಿ ಕಲಿಯುತ್ತಾರಾ? ಲ್ಯಾಬಿನಲ್ಲಿ ಕೆಲಸ ಮಾಡುವ ಕಂಪ್ಯೂಟರ್ ನಾಲ್ಕೇ ನಾಲ್ಕು, ಇಂಟರ್ನೆಟ್ ಬಂದರೆ ಬಂತು. ಕನ್ನಡಕ್ಕೂ ಇಂಥದ್ದು ಇದೆಯಾ ಅಂತ ನಮ್ಮ ಕನ್ನಡ ಮೇಷ್ಟ್ರೂ ಕೇಳುತ್ತಿದ್ದಾರೆ.

ಉತ್ತರ: ಮೇಡಂ, ಮೊದಲು ಆ ಹುಡುಗನ ವಿಷಯ. ಅವನನ್ನು ಬೈಯಬೇಡಿ. ಕೇಳಿದ ತಕ್ಷಣ ಹೇಗೆ ಬರೆದೆ ಅಂತ ಮುಚ್ಚುಮರೆ ಇಲ್ಲದೆ ಹೇಳಿದ್ದಾನೆ. ತಪ್ಪಿಲ್ಲದ ಪುಟ ತಂದವರಿಗೆ ‘ವೆರಿ ಗುಡ್’ ಅಂತ ನಾವೇ ಇಷ್ಟು ವರ್ಷ ಬರೆದು ಕೊಟ್ಟಿದ್ದೇವೆ. ಅವನು ತಪ್ಪಿಲ್ಲದ ಪುಟ ತಂದ, ಅಷ್ಟೇ.

ನಿಮ್ಮ ಪತ್ರದಲ್ಲಿ ನಿಜವಾದ ಕಷ್ಟ ಇನ್ನೊಂದು ಸಾಲಿನಲ್ಲಿದೆ. ತಿದ್ದಿ ತಿದ್ದಿ ಸಾಕಾಗಿದೆ, ಅದೇ ತಪ್ಪು ಮತ್ತೆ ಬರುತ್ತದೆ ಅಂದಿದ್ದೀರಿ. ಇದು ಫೋನ್ ಬರುವ ಮುಂಚೆಯೂ ಹೀಗೇ ಇತ್ತು, ಅಲ್ವಾ? ನೀವು ಕೆಂಪು ಇಂಕಿನಲ್ಲಿ ತಿದ್ದಿ ಕೊಟ್ಟಾಗ ಮಗು ಅಂಕ ನೋಡಿ ನೋಟ್‌ಬುಕ್ ಮುಚ್ಚಿಡುತ್ತದೆ. ಫೋನ್ ತಿದ್ದಿ ಕೊಟ್ಟಾಗ ನೋಡಿಕೊಂಡು ಬರೆಯುತ್ತದೆ. ಎರಡು ಕಡೆಯೂ ಯೋಚನೆ ಮಾಡಿದ್ದು ಮಗುವಲ್ಲ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಜಿಲ್ಲೆಗಳ ಶಿಕ್ಷಕರ ಜೊತೆ ಬರವಣಿಗೆ ಕಲಿಸುವ ಕೆಲಸದಲ್ಲೇ ನಾನು ಬಹಳ ಕಾಲದಿಂದ ಇದ್ದೇನೆ. ನನಗೆ ಖಚಿತವಾಗಿರುವುದು ಇಷ್ಟು: ತಪ್ಪನ್ನು ಯಾರು ತಿದ್ದಿದರು ಅನ್ನುವುದು ಅಷ್ಟು ಮುಖ್ಯವಲ್ಲ, ತಿದ್ದುವ ಮುಂಚೆ ಮಗು ಆ ತಪ್ಪಿನ ಮುಂದೆ ಒಂದು ನಿಮಿಷ ಕೂತು ತಲೆ ಕೆಡಿಸಿಕೊಂಡಿತಾ ಅನ್ನುವುದು ಮುಖ್ಯ. ಸಾಫ್ಟ್‌ವೇರ್ ತಪ್ಪಿನ ಕೆಳಗೆ ಗೆರೆ ಎಳೆಯುವುದಕ್ಕೂ ಮಗು ಅದರ ಸಲಹೆ ಕ್ಲಿಕ್ ಮಾಡುವುದಕ್ಕೂ ನಡುವಿನ ಆ ಒಂದು ನಿಮಿಷ ಉಳಿದರೆ ಸಾಫ್ಟ್‌ವೇರ್ ಉಪಯೋಗಕ್ಕೆ ಬರುತ್ತದೆ. ಆ ನಿಮಿಷ ಹೋದರೆ ಪುಟ ಚೆನ್ನಾಗಿರುತ್ತದೆ, ಮಗು ಇದ್ದಲ್ಲೇ ಇರುತ್ತದೆ.

ತಿದ್ದುವುದರಿಂದ ಲಾಭ ಇದೆಯಾ ಅನ್ನುವ ಚರ್ಚೆ ಭಾಷಾ ಬೋಧನೆಯಲ್ಲಿ ಹಳೆಯದು. 1996ರಲ್ಲಿ ಜಾನ್ ಟ್ರಸ್ಕಾಟ್ ಅನ್ನುವ ವಿದ್ವಾಂಸರು, ಎರಡನೇ ಭಾಷೆಯಲ್ಲಿ ಬರೆಯುವ ಮಕ್ಕಳ ವ್ಯಾಕರಣ ತಿದ್ದುವುದನ್ನು ಬಿಟ್ಟೇಬಿಡಿ, ಅದರಿಂದ ಪ್ರಯೋಜನ ಇಲ್ಲ, ಹಾನಿಯೇ ಜಾಸ್ತಿ ಅಂತ ವಾದಿಸಿದರು. 1999ರಲ್ಲಿ ಡಾನಾ ಫೆರಿಸ್ ಅದಕ್ಕೆ ಉತ್ತರ ಕೊಟ್ಟರು. ಎಲ್ಲ ತಪ್ಪೂ ಒಂದೇ ಜಾತಿಯದ್ದಲ್ಲ, ನಿಯಮ ಹೇಳಿಕೊಟ್ಟು ಸರಿಮಾಡಬಹುದಾದ ತಪ್ಪುಗಳಲ್ಲಿ ತಿದ್ದುವಿಕೆ ಕೆಲಸ ಮಾಡುತ್ತದೆ ಅಂದರು. 2008ರಲ್ಲಿ ಜಾನ್ ಬಿಚನರ್ ಒಂದು ಸಣ್ಣ, ಸ್ಪಷ್ಟವಾದ ಅಧ್ಯಯನ ಪ್ರಕಟಿಸಿದರು. ಇಂಗ್ಲಿಷಿನ ‘ಎ’ ಮತ್ತು ‘ದ’ ಬಳಕೆ, ಅದಷ್ಟನ್ನೇ ತಿದ್ದಿಸಿಕೊಂಡ ವಿದ್ಯಾರ್ಥಿಗಳ ಗುಂಪುಗಳು, ಏನೂ ತಿದ್ದಿಸಿಕೊಳ್ಳದ ಗುಂಪಿಗಿಂತ ಹೊಸ ಬರಹದಲ್ಲೂ ಚೆನ್ನಾಗಿ ಮಾಡಿದವು. ಎರಡು ತಿಂಗಳ ನಂತರವೂ ಆ ಲಾಭ ಉಳಿದಿತ್ತು. ನಿಮ್ಮ ಕ್ಲಾಸಿಗೆ ಇದರಲ್ಲಿ ಬೇಕಾದ ಮಾತು ಇದು: ಒಂದೇ ಪುಟದಲ್ಲಿ ಇಪ್ಪತ್ತು ತಪ್ಪಿಗೂ ಗೆರೆ ಎಳೆದರೆ ಮಗುವಿನ ತಲೆಗೆ ಏನೂ ಹೋಗಲ್ಲ. ಒಂದೋ ಎರಡೋ ಬಗೆಯ ತಪ್ಪು ಹಿಡಿದು ಅದನ್ನೇ ಬೆನ್ನು ಹತ್ತಿದರೆ ಹೋಗುತ್ತದೆ. ಸಾಫ್ಟ್‌ವೇರ್ ಮಾಡುವುದು ಇದಕ್ಕೆ ಉಲ್ಟಾ. ಅದು ಎಲ್ಲಕ್ಕೂ ಒಟ್ಟಿಗೇ ಗೆರೆ ಎಳೆಯುತ್ತದೆ.

ಈಗ ಜನ ನಂಬಿರುವ ಕೆಲವು ವಿಷಯ. ಗೆರೆ ಬಿದ್ದರೆ ತಪ್ಪು, ಬೀಳದಿದ್ದರೆ ಸರಿ ಅಂತ ಮಕ್ಕಳಷ್ಟೇ ಅಲ್ಲ, ಶಿಕ್ಷಕರೂ ನಂಬಿದ್ದಾರೆ. ಎರಡೂ ನಿಜ ಅಲ್ಲ. ಗಡಿದಂ ಜಾತ್ರೆ, ಗುಡಿಬಂಡೆ ಕೆರೆ, ರಾಗಿ ಮುದ್ದೆ ಅಂತ ಇಂಗ್ಲಿಷಿನಲ್ಲಿ ಬರೆದು ನೋಡಿ, ಕೆಂಪು ಗೆರೆ ಬೀಳುವುದೇ ಜಾಸ್ತಿ. ಮಗು ಹೆದರಿ ತನ್ನೂರಿನ ಹೆಸರನ್ನೇ ಬದಲಾಯಿಸಿಬಿಡುತ್ತದೆ. ‘ಕಲರ್’ ಅನ್ನುವ ಪದವನ್ನು ನಮ್ಮ ಪಠ್ಯಪುಸ್ತಕದಲ್ಲಿ ಇರುವ ಹಾಗೆ ‘ಯು’ ಸೇರಿಸಿ ಬರೆದರೂ ಗೆರೆ ಬೀಳಬಹುದು, ಯಾಕೆಂದರೆ ಅನೇಕ ಕಂಪ್ಯೂಟರ್‌ಗಳಲ್ಲಿ ಭಾಷೆ ಅಮೆರಿಕನ್ ಇಂಗ್ಲಿಷ್ ಅಂತ ಇಟ್ಟಿರುತ್ತಾರೆ. ಲ್ಯಾಬಿನಲ್ಲಿ ಮೊದಲ ದಿನವೇ ಅದನ್ನು ಬ್ರಿಟಿಷ್ ಅಥವಾ ಇಂಡಿಯನ್ ಇಂಗ್ಲಿಷ್‌ಗೆ ಬದಲಾಯಿಸಿ. ಇದಕ್ಕೆ ಎರಡು ನಿಮಿಷ ಸಾಕು, ವರ್ಷವಿಡೀ ಗೊಂದಲ ತಪ್ಪುತ್ತದೆ.

ಗೆರೆ ಬೀಳದ ತಪ್ಪು ಇನ್ನೂ ಅಪಾಯ. ಶ್ರೀನಿವಾಸಪುರದ ಕಡೆಯ ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳು ತನ್ನ ತಂದೆ ಬಗ್ಗೆ ಬರೆದಿದ್ದಳು. ‘ಮೈ ಫಾದರ್ ಈಸ್ ಎ ಫಾರ್ಮರ್. ಹಿ ಗ್ರೋ ಮ್ಯಾಂಗೋ.’ ಆದರೆ ಫಾರ್ಮರ್ ಪದದಲ್ಲಿ ‘ಎ’ ಇರಬೇಕಾದ ಕಡೆ ‘ಒ’ ಬರೆದಿದ್ದಳು. ರೈತ ಹೋಗಿ ‘ಮಾಜಿ’ ಆಗಿತ್ತು. ನಮ್ಮ ಬಾಯಲ್ಲಿ ಎರಡೂ ಒಂದೇ ಥರ ಕೇಳುತ್ತವೆ, ಹಾಗಾಗಿ ಈ ತಪ್ಪು ಮಾವಿನ ತೋಟದ ಊರುಗಳಲ್ಲೂ ಟೊಮೆಟೊ ಬೆಳೆಯುವ ಊರುಗಳಲ್ಲೂ ನನಗೆ ಮತ್ತೆ ಮತ್ತೆ ಸಿಗುತ್ತದೆ. ಎರಡೂ ನಿಘಂಟಿನಲ್ಲಿರುವ ಪದಗಳೇ. ಬರೀ ಕಾಗುಣಿತ ನೋಡುವ ಸಾಫ್ಟ್‌ವೇರ್‌ಗೆ ಇದು ತಪ್ಪು ಅಂತ ಗೊತ್ತಾಗುವುದೇ ಇಲ್ಲ. ವಾಕ್ಯದ ಅರ್ಥ ಅಂದಾಜು ಮಾಡುವ ಹೊಸ ಸಾಫ್ಟ್‌ವೇರ್ ಹಿಡಿದರೂ ಹಿಡಿಯಬಹುದು, ಬಿಟ್ಟರೂ ಬಿಡಬಹುದು.

ಅದೇ ಹುಡುಗಿಯ ಎರಡನೇ ವಾಕ್ಯಕ್ಕೆ ಗೆರೆ ಬಿತ್ತು. ‘ಗ್ರೋ’ ಅಲ್ಲ, ‘ಗ್ರೋಸ್’ ಅಂತ ತೋರಿಸಿತು. ಅವಳು ಒತ್ತಲು ಬೆರಳು ಎತ್ತಿದಾಗ ಅಲ್ಲಿನ ಟೀಚರ್ ತಡೆದು, ಯಾಕೆ ಎಸ್ ಬೇಕು ಹೇಳು ಅಂದರು. ಹುಡುಗಿ ಹೇಳಿದಳು: ‘ಅಪ್ಪ ಒಬ್ಬರೇ ಅಲ್ವಾ ಮಿಸ್? ಎಸ್ ಹಾಕೋದು ಜಾಸ್ತಿ ಜನ ಇದ್ದಾಗ ತಾನೇ?’ ನೋಡಿ, ಎಷ್ಟು ಸರಿಯಾದ ಯೋಚನೆ! ಒಂದು ಹಸು, ಎರಡು ಹಸು ಅಂತ ಕಲಿಸುವಾಗ ಜಾಸ್ತಿ ಇದ್ದರೆ ಎಸ್ ಸೇರಿಸು ಅಂತ ನಾವೇ ಹೇಳಿದ್ದು. ಅವಳು ಆ ನಿಯಮವನ್ನು ಕ್ರಿಯಾಪದಕ್ಕೂ ತಂದಿದ್ದಳು. ಕ್ಲಿಕ್ ಮಾಡಿದ್ದರೆ ವಾಕ್ಯ ಸರಿಹೋಗುತ್ತಿತ್ತು, ತಲೆಯೊಳಗಿನ ಆ ತಪ್ಪು ನಿಯಮ ಹಾಗೇ ಉಳಿಯುತ್ತಿತ್ತು. ಮುಂದಿನ ಪುಟದಲ್ಲಿ ಮತ್ತೆ ‘ಹಿ ಗ್ರೋ’ ಅಂತಲೇ ಬರುತ್ತಿತ್ತು. ಅದೇ ತಪ್ಪು ಮತ್ತೆ ಮತ್ತೆ ಬರುವುದು ಯಾಕೆ ಅಂತ ಕೇಳಿದಿರಲ್ಲ, ಬಹುಮಟ್ಟಿಗೆ ಇದಕ್ಕೇ.

ಇದು ನನ್ನ ಸ್ವಂತ ಕಲ್ಪನೆಯಲ್ಲ. 1967ರಲ್ಲೇ ಪಿಟ್ ಕಾರ್ಡರ್ ಎಂಬ ಭಾಷಾತಜ್ಞರು ಕೈತಪ್ಪಿಗೂ ಗೊತ್ತಿಲ್ಲದೆ ಆಗುವ ತಪ್ಪಿಗೂ ಇರುವ ವ್ಯತ್ಯಾಸವನ್ನು ಎತ್ತಿ ತೋರಿಸಿದ್ದರು. ಗೊತ್ತಿದ್ದೂ ಅವಸರದಲ್ಲಿ ಆಗುವುದು ಒಂದು. ತಲೆಯೊಳಗೆ ಬೇರೆಯೇ ನಿಯಮ ಕೂತಿರುವುದರಿಂದ ಆಗುವುದು ಇನ್ನೊಂದು. ಎರಡನ್ನೂ ಬೇರ್ಪಡಿಸುವುದು ಸುಲಭ. ‘ಈ ಸಾಲು ಇನ್ನೊಂದು ಸಲ ಗಟ್ಟಿಯಾಗಿ ಓದು’ ಅನ್ನಿ. ಮಗು ತಾನೇ ಹಿಡಿದು ಸರಿಮಾಡಿದರೆ ಅದು ಕೈತಪ್ಪು, ಅದಕ್ಕೆ ಪಾಠ ಬೇಡ. ಹತ್ತು ಸಲ ಓದಿದರೂ ಕಾಣಲಿಲ್ಲ ಅಂದರೆ ಅಲ್ಲಿ ಕಲಿಸುವ ಕೆಲಸ ಇದೆ. ಸಾಫ್ಟ್‌ವೇರ್ ಎರಡಕ್ಕೂ ಒಂದೇ ಥರ ಗೆರೆ ಎಳೆಯುತ್ತದೆ.

ಈ ಗೆರೆ ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಸ್ವಲ್ಪ ತಿಳಿದುಕೊಂಡರೆ ಒಳ್ಳೆಯದು. ಕಾಗುಣಿತಕ್ಕೆ ಬೀಳುವ ಕೆಂಪು ಗೆರೆ ವರ್ಡ್‌ನಲ್ಲಿ 1995ರಿಂದ ಇದೆ. ವ್ಯಾಕರಣಕ್ಕೆ ಹಸಿರು ಗೆರೆ ವರ್ಡ್ 97ರಲ್ಲಿ ಬಂತು, ಈಗ ಅದು ನೀಲಿ. ಲ್ಯಾಂಗ್ವೇಜ್ ಟೂಲ್ ಅನ್ನುವ ಗ್ರಾಮರ್ ಚೆಕರನ್ನು ಡೇನಿಯಲ್ ನಾಬರ್ ಎಂಬ ಜರ್ಮನ್ ವಿದ್ಯಾರ್ಥಿ 2003ರಲ್ಲಿ ತಮ್ಮ ಓದಿನ ಭಾಗವಾಗಿ ಶುರು ಮಾಡಿದರು. ಗ್ರಾಮರ್ಲಿ ಅನ್ನುವ ಇಂಥದ್ದೇ ಇನ್ನೊಂದು 2009ರಲ್ಲಿ ಉಕ್ರೇನಿನವರು ಕಟ್ಟಿದ್ದು. ಹಳೆಯ ಬಗೆಯವು ಮನುಷ್ಯರು ಬರೆದಿಟ್ಟ ನಿಯಮಗಳ ಮೇಲೆ ನಡೆಯುತ್ತವೆ: ‘ಹಿ’ ಆದ ಮೇಲೆ ಬರೀ ‘ಗೋ’ ಬಂದರೆ ಗೆರೆ ಎಳೆ, ಈ ವಿವರಣೆ ತೋರಿಸು ಅನ್ನುವ ಹಾಗೆ. ಹೊಸ ಬಗೆಯವು ರಾಶಿ ರಾಶಿ ಬರಹ ಓದಿ, ಈ ಪದದ ಜೊತೆ ಸಾಮಾನ್ಯವಾಗಿ ಯಾವ ಪದ ಬರುತ್ತದೆ ಅಂತ ಲೆಕ್ಕ ಹಾಕುತ್ತವೆ. ಈಗಿನ ಆ್ಯಪ್‌ಗಳಲ್ಲಿ ಎರಡೂ ಬೆರೆತಿರುತ್ತವೆ. ನಿಯಮದ ಮೇಲೆ ನಡೆಯುವುದು ಕೊಡುವ ವಿವರಣೆ ಮಕ್ಕಳಿಗೆ ಅರ್ಥವಾಗುವ ಹಾಗೆ ಇರುತ್ತದೆ, ಆದರೆ ಬಹಳಷ್ಟು ತಪ್ಪು ತಪ್ಪಿಸಿಕೊಳ್ಳುತ್ತವೆ. ಲೆಕ್ಕದ ಮೇಲೆ ನಡೆಯುವುದು ಚೆನ್ನಾಗಿ ಹಿಡಿಯುತ್ತದೆ, ಆದರೆ ಇಡೀ ವಾಕ್ಯವನ್ನೇ ಬೇರೆ ಮಾಡಿ ಕೊಡುತ್ತದೆ. ಮಗು ಏನು ಹೇಳಬೇಕು ಅಂದುಕೊಂಡಿತ್ತೋ ಅದು ಎರಡಕ್ಕೂ ಗೊತ್ತಿಲ್ಲ.

ಇನ್ನು ನಮ್ಮ ಮಕ್ಕಳ ತಪ್ಪಿಗೆ ನಮ್ಮ ಭಾಷೆಯಲ್ಲೇ ಕಾರಣ ಇರುತ್ತದೆ. ಇದನ್ನು ನಿಮ್ಮಷ್ಟು ಚೆನ್ನಾಗಿ ಯಾವ ಆ್ಯಪೂ ಹೇಳಲಾರದು. ‘ಡಿಸ್ಕಸ್ ಅಬೌಟ್’ ಅಂತ ಯಾಕೆ ಬರೆಯುತ್ತಾರೆ? ಕನ್ನಡದಲ್ಲಿ ನಾವು ಒಂದು ವಿಷಯದ ‘ಬಗ್ಗೆ’ ಚರ್ಚೆ ಮಾಡುತ್ತೇವೆ. ಆ ಬಗ್ಗೆ ಎಲ್ಲಿಗೆ ಹೋಗಬೇಕು? ‘ಅಬೌಟ್’ ಆಗಿ ಬರುತ್ತದೆ. ‘ದ’ ಯಾಕೆ ಬಿಡುತ್ತಾರೆ? ಕನ್ನಡದಲ್ಲೂ ತೆಲುಗಿನಲ್ಲೂ ಅಂಥದ್ದು ಇಲ್ಲವೇ ಇಲ್ಲ. ಅದು ಬೇಕು ಅಂತ ಅನಿಸುವುದಕ್ಕೇ ವರ್ಷಗಟ್ಟಲೆ ಓದಬೇಕು.

ನನಗೆ ತುಂಬಾ ಮುಖ್ಯ ಅನಿಸುವ ಉದಾಹರಣೆ ಇನ್ನೊಂದಿದೆ. ‘ನಿನ್ನೆ ಜಾತ್ರೆಗೆ ಹೋಗಿದ್ದೆ’ ಅನ್ನುತ್ತೇವೆ. ಕನ್ನಡದಲ್ಲಿ ಇದು ತೀರಾ ಸಹಜ. ಮಗು ಅದನ್ನು ‘ಐ ಹ್ಯಾಡ್ ಗಾನ್ ಟು ದ ಫೇರ್’ ಅಂತ ಬರೆಯುತ್ತದೆ. ಇಂಗ್ಲಿಷಿನಲ್ಲಿ ಅಲ್ಲಿ ‘ವೆಂಟ್’ ಸಾಕು. ‘ಹ್ಯಾಡ್ ಗಾನ್’ ಬೇಕಾಗುವುದು, ಆಮೇಲೆ ಇನ್ನೊಂದು ಏನೋ ನಡೆಯಿತು, ಅದಕ್ಕೂ ಮುಂಚೆ ಹೋಗಿದ್ದೆ ಅನ್ನುವಾಗ. ಆದರೆ ವಾಕ್ಯದ ಕಟ್ಟು ಸರಿಯಾಗಿಯೇ ಇದೆ. ಹೀಗಾಗಿ ಬಹಳ ಸಲ ಗೆರೆ ಬೀಳುವುದೇ ಇಲ್ಲ. ಒಂದು ಪುಟದ ತುಂಬ ‘ಹ್ಯಾಡ್’ ಇದ್ದರೂ ಸಾಫ್ಟ್‌ವೇರ್ ಒಪ್ಪಿಕೊಳ್ಳಬಹುದು. ಇದನ್ನು ಹಿಡಿಯುವವರು ನೀವು ಮಾತ್ರ, ಯಾಕೆಂದರೆ ಆ ‘ಹ್ಯಾಡ್’ ಹಿಂದೆ ಇರುವ ‘ಹೋಗಿದ್ದೆ’ ನಿಮಗೆ ಕೇಳಿಸುತ್ತದೆ.

ಹಾಗಾದರೆ ಏನು ಮಾಡಬೇಕು? ಪೂರ್ತಿ ನಿಲ್ಲಿಸುವುದು ಒಂದು ದಾರಿ. ಹೆಡ್‌ಮಾಸ್ಟರ ಚಿಂತೆಯಲ್ಲಿ ಅರ್ಥವಿದೆ. ಎಸ್ಸೆಸ್ಸೆಲ್ಸಿಯಲ್ಲಿ ಪತ್ರವನ್ನೂ ಪ್ರಬಂಧವನ್ನೂ ಪೆನ್ನಿನಲ್ಲೇ ಬರೆಯಬೇಕು, ಅಲ್ಲಿ ಗೆರೆ ಎಳೆದು ತೋರಿಸುವವರು ಯಾರೂ ಇಲ್ಲ. ಆದರೆ ಶಾಲೆಯಲ್ಲಿ ನಿಲ್ಲಿಸಿದರೆ ಮನೆಯಲ್ಲಿ ನಿಲ್ಲುವುದಿಲ್ಲ. ಮಕ್ಕಳು ಬಳಸುತ್ತಲೇ ಇರುತ್ತಾರೆ, ನಿಮಗೆ ಹೇಳುವುದು ಬಿಡುತ್ತಾರೆ ಅಷ್ಟೇ. ಆ ಹುಡುಗ ಇವತ್ತು ನಿಮಗೆ ನಿಜ ಹೇಳಿದ್ದಾನೆ. ಆ ಬಾಗಿಲು ಮುಚ್ಚಬೇಡಿ. ಇಷ್ಟ ಬಂದ ಹಾಗೆ ಬಳಸಿಕೊಳ್ಳಿ ಅಂತ ಬಿಟ್ಟುಬಿಟ್ಟರೆ ಏನಾಗುತ್ತದೆ ಅಂತ ಈಗಾಗಲೇ ನೋಡಿದ್ದೀರಿ.

ನಾನು ಶಿಕ್ಷಕರಿಗೆ ಹೇಳುವುದು, ಕ್ಲಾಸಿನೊಳಗೆ, ನಿಮ್ಮ ಕಣ್ಣೆದುರು, ಒಂದು ಕ್ರಮದಲ್ಲಿ ಬಳಸಿ ಅಂತ. ಮೊದಲ ಬರಹ ಯಾವಾಗಲೂ ನೋಟ್‌ಬುಕ್ಕಿನಲ್ಲಿ, ಪೆನ್ನಿನಲ್ಲಿ. ಆಮೇಲೆ ಮಗು ತಾನೇ ಓದಿ, ಅನುಮಾನ ಇರುವ ಕಡೆ ಪೆನ್ಸಿಲ್‌ನಲ್ಲಿ ಅಡಿಗೆರೆ ಹಾಕಲಿ. ತಪ್ಪು ಅಂತ ಖಚಿತವಾಗಿ ಗೊತ್ತಿರಬೇಕಿಲ್ಲ, ಅನುಮಾನ ಸಾಕು. ಇದಾದ ಮೇಲೆಯೇ ಕಂಪ್ಯೂಟರ್. ಟೈಪ್ ಮಾಡುವಾಗ ಗೆರೆ ಬೀಳುವುದನ್ನು ಆಫ್ ಮಾಡಿಡಿ. ವರ್ಡ್‌ನಲ್ಲಿ ಫೈಲ್, ಆಪ್ಶನ್ಸ್, ಪ್ರೂಫಿಂಗ್ ಅಂತ ಹೋದರೆ ಅದು ಸಿಗುತ್ತದೆ. ಟೈಪ್ ಪೂರ್ತಿ ಆದ ಮೇಲೆ ಆನ್ ಮಾಡಿ. ಈಗ ಮಗು ತನ್ನ ಪೆನ್ಸಿಲ್ ಗೆರೆಯನ್ನೂ ಯಂತ್ರದ ಗೆರೆಯನ್ನೂ ಜೊತೆಗಿಟ್ಟು ನೋಡುತ್ತದೆ. ತಾನು ಅನುಮಾನ ಪಟ್ಟ ಕಡೆಯೇ ಯಂತ್ರವೂ ಗೆರೆ ಎಳೆದಿದ್ದರೆ ಆ ಮಗುವಿನ ಮುಖ ನೋಡಬೇಕು ನೀವು.

ಗೆರೆ ಕಂಡ ಮೇಲೆ ಕ್ಲಿಕ್ ಮಾಡುವ ಹಾಗಿಲ್ಲ. ಮೊದಲು ಒಂದು ಊಹೆ ಬರೆಯಬೇಕು, ಇಲ್ಲಿ ಏನು ತಪ್ಪಿರಬಹುದು ಅಂತ. ಕನ್ನಡದಲ್ಲೇ ಬರೆಯಲಿ. ತೆಲುಗಿನಲ್ಲಿ ಬಾಯಲ್ಲಿ ಹೇಳಿದರೂ ಪರವಾಗಿಲ್ಲ. ಕಾರಣ ಹುಡುಕುವುದು ಮುಖ್ಯ, ಅದನ್ನು ಇಂಗ್ಲಿಷಿನಲ್ಲೇ ಹೇಳಬೇಕಿಲ್ಲ. ಆಮೇಲೆ ಯಂತ್ರದ ಸಲಹೆ ನೋಡಿ, ಒಪ್ಪುತ್ತೇನೆ ಅಥವಾ ಒಪ್ಪಲ್ಲ ಅಂತ ಬರೆಯಬೇಕು, ಯಾಕೆ ಅಂತಲೂ ಬರೆಯಬೇಕು. ಯಂತ್ರದ ಸಲಹೆ ತಪ್ಪು ಅಂತ ಕಾರಣ ಸಮೇತ ತೋರಿಸಿದ ಮಗುವಿಗೆ ಜಾಸ್ತಿ ಅಂಕ ಕೊಡಿ. ‘ಗಡಿದಂ ನಮ್ಮ ಪಕ್ಕದೂರು ಮಿಸ್, ಇದು ತಪ್ಪಲ್ಲ’ ಅಂತ ಬರೆದರೂ ಸರಿ. ಯಂತ್ರ ಹೇಳಿದ್ದೆಲ್ಲ ಸರಿಯಲ್ಲ ಅನ್ನುವ ಧೈರ್ಯ ಅಲ್ಲಿಂದಲೇ ಶುರುವಾಗುತ್ತದೆ.

ಇದಕ್ಕೊಂದು ಪ್ರತ್ಯೇಕ ನೋಟ್‌ಬುಕ್ ಇರಲಿ. ಒಂದು ಕಡೆ ತಾನು ಬರೆದದ್ದು, ಪಕ್ಕದಲ್ಲಿ ಸರಿಯಾದದ್ದು, ಅದರ ಪಕ್ಕ ‘ನಾನು ಯಾಕೆ ಹಾಗೆ ಬರೆದೆ’ ಅನ್ನುವ ಒಂದು ಸಾಲು. ಈ ಮೂರನೇ ಸಾಲೇ ಜೀವಾಳ. ‘ಗೊತ್ತಿಲ್ಲ’ ಅಂತ ಬರೆದರೆ ಬರೆಯಲಿ, ಬಲವಂತ ಬೇಡ. ತಿಂಗಳಲ್ಲಿ ಒಂದೋ ಎರಡೋ ಬಗೆಯ ತಪ್ಪನ್ನು ಮಾತ್ರ ಹಿಡಿಯಿರಿ. ಈ ತಿಂಗಳು ‘ಹಿ, ಶಿ’ ಜೊತೆ ಬರುವ ಎಸ್, ಮುಂದಿನ ತಿಂಗಳು ‘ಹ್ಯಾಡ್’. ಉಳಿದ ಗೆರೆಗಳನ್ನು ಬಿಟ್ಟುಬಿಡಿ ಅಂತ ಮಕ್ಕಳಿಗೂ ಹೇಳಿ. ನಿಮ್ಮ ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೂ ಬಿಡಿ. ಎರಡು ವಾರ ಬಿಟ್ಟು ಯಂತ್ರ ಇಲ್ಲದೆ, ಅದೇ ಬಗೆಯ ವಾಕ್ಯ ಬರುವ ಹಾಗೆ ಇನ್ನೊಂದು ವಿಷಯ ಕೊಟ್ಟು ಬರೆಸಿ. ಕಲಿತರಾ ಇಲ್ಲವಾ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಕಂಪ್ಯೂಟರಿನಲ್ಲಿ ತಿದ್ದಿದ ಪುಟ ನೋಡಿದರೆ ಗೊತ್ತಾಗಲ್ಲ.

42 ಮಕ್ಕಳಿಗೆ ನಾಲ್ಕು ಕಂಪ್ಯೂಟರ್ ಅಂದಿರಿ. ಒಂದೇ ಇದ್ದರೂ ನಡೆಯುತ್ತದೆ. ನೋಟ್‌ಬುಕ್‌ಗಳಿಂದ ಏಳೆಂಟು ವಾಕ್ಯ ಆರಿಸಿಕೊಳ್ಳಿ, ಯಾರದ್ದು ಅಂತ ಹೇಳಬೇಡಿ. ಮೊದಲು ಬೋರ್ಡಿನ ಮೇಲೆ ಬರೆಯಿರಿ. ಇದರಲ್ಲಿ ಯಾವುದಕ್ಕೆ ಗೆರೆ ಬೀಳುತ್ತದೆ, ಯಾಕೆ ಅಂತ ಇಡೀ ಕ್ಲಾಸು ಕೈ ಎತ್ತಿ ಹೇಳಲಿ. ಆಮೇಲೆ ಒಂದೊಂದಾಗಿ ಟೈಪ್ ಮಾಡಿ ತೋರಿಸಿ. ಸರಿಯಾಗಿರುವ ಎರಡು ವಾಕ್ಯವನ್ನೂ, ಯಂತ್ರಕ್ಕೆ ಸಿಗದ ಒಂದು ತಪ್ಪನ್ನೂ ಬೇಕೆಂದೇ ಸೇರಿಸಿ. ಗುಬ್ಬಿ ಕಡೆಯ ಒಂದು ಶಾಲೆಯಲ್ಲಿ ಹೀಗೆ ಮಾಡಿದಾಗ, ಯಾವತ್ತೂ ಬಾಯಿ ಬಿಡದ ಮಕ್ಕಳೂ ವಾದಕ್ಕೆ ನಿಂತಿದ್ದನ್ನು ನೋಡಿದ್ದೇನೆ. ಟೀಚರ್ ಜೊತೆ ವಾದ ಮಾಡಲು ಹೆದರುವ ಮಗು ಯಂತ್ರದ ಜೊತೆ ವಾದ ಮಾಡಲು ಹೆದರುವುದಿಲ್ಲ. ಇಂಟರ್ನೆಟ್ ತೊಂದರೆ ಇದ್ದರೆ ವರ್ಡ್ ಥರದ್ದೇ ಲಿಬ್ರೆ ಆಫೀಸ್ ಹಾಕಿಸಿಕೊಳ್ಳಿ. ಪೂರ್ತಿ ಉಚಿತ. ಕಾಗುಣಿತ ಪರೀಕ್ಷೆಗೆ ನೆಟ್ ಬೇಕಾಗಿಲ್ಲ. ಕಂಪ್ಯೂಟರ್ ಗೊತ್ತಿರುವವರು ಕೂರಿಸಿ ಕೊಟ್ಟರೆ ಲ್ಯಾಂಗ್ವೇಜ್ ಟೂಲನ್ನೂ ನೆಟ್ ಇಲ್ಲದೆ ಓಡಿಸಬಹುದು.

ಒಂದೆರಡು ಎಚ್ಚರಿಕೆ. ಆನ್‌ಲೈನ್ ಆ್ಯಪಿನಲ್ಲಿ ಟೈಪ್ ಮಾಡಿದ್ದು ಆ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಮಕ್ಕಳು ಪ್ರಬಂಧದಲ್ಲಿ ಮನೆಯ ಸಂಗತಿ ಎಲ್ಲ ಬರೆದಿರುತ್ತಾರೆ: ಅಪ್ಪನ ಸಾಲ, ಅಮ್ಮನ ಕಾಯಿಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳು ಅಂತಲೇ ನೋಡುತ್ತದೆ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಮಕ್ಕಳ ಹೆಸರಿನಲ್ಲಿ ಅಕೌಂಟ್ ಮಾಡಿಸಬೇಡಿ. ನಿಮ್ಮದೇ ಅಕೌಂಟಿನಲ್ಲಿ, ಹೆಸರು ತೆಗೆದು, ಬೇಕಾದ ವಾಕ್ಯಗಳನ್ನಷ್ಟೇ ಹಾಕಿ.

ಇನ್ನೊಂದು, ಮಗು ಸ್ವಂತ ಬರೆದದ್ದಾ ಯಂತ್ರ ಬರೆದದ್ದಾ ಅಂತ ಕಂಡುಹಿಡಿದು ಕೊಡುತ್ತೇವೆ ಅನ್ನುವ ಸಾಫ್ಟ್‌ವೇರ್‌ಗಳಿವೆ. ದಯವಿಟ್ಟು ಅದನ್ನು ನಂಬಿ ಯಾವ ಮಗುವನ್ನೂ ಕಳ್ಳನ ಜಾಗದಲ್ಲಿ ನಿಲ್ಲಿಸಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್ ಎಐ ಕಂಪನಿಯೇ ತನ್ನ ಇಂಥ ಸಾಧನವನ್ನು, ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, ಇಂಗ್ಲಿಷ್ ಮನೆಮಾತಲ್ಲದವರು ಸ್ವಂತವಾಗಿ ಬರೆದದ್ದನ್ನೂ ಈ ಸಾಧನಗಳು ಯಂತ್ರ ಬರೆದದ್ದು ಅಂತ ತಪ್ಪಾಗಿ ಹೇಳುವುದು ಜಾಸ್ತಿ ಅಂತ ತೋರಿಸಿದರು. ಅಂದರೆ ಇದರ ಏಟು ಬೀಳುವುದು ನಮ್ಮ ಮಕ್ಕಳ ಮೇಲೆಯೇ. ಅನುಮಾನ ಬಂದರೆ ನೀವು ಮಾಡಿದ ಹಾಗೆ ಪಕ್ಕದಲ್ಲಿ ಕೂರಿಸಿಕೊಂಡು ಐದು ಸಾಲು ಬರೆಸಿ, ಸಮಾಧಾನವಾಗಿ ಕೇಳಿ.

ಆ ಹುಡುಗನ ತಂದೆಗೆ ಹೇಳಿ, ದುಡ್ಡು ಕಟ್ಟುವ ಅಗತ್ಯ ಇಲ್ಲ. ದುಡ್ಡು ಕೊಟ್ಟರೆ ಜಾಸ್ತಿ ಸಿಗುವುದು ಮುಖ್ಯವಾಗಿ ಇಡೀ ವಾಕ್ಯವನ್ನು ಹೊಸದಾಗಿ ಬರೆದುಕೊಡುವ ಸೌಲಭ್ಯ. ಅವರ ಮಗನಿಗೆ ಈಗ ಬೇಡವಾದದ್ದು ಅದೇ. ಅದರ ಬದಲು ಫೋನಿನಲ್ಲಿ ಒಂದು ಕೆಲಸ ಮಾಡಲಿ. ಕೀಬೋರ್ಡಿನ ಸೆಟ್ಟಿಂಗ್‌ಗೆ ಹೋಗಿ ಆಟೋ ಕರೆಕ್ಷನ್ ಆಫ್ ಮಾಡಲಿ. ಗೆರೆ ಎಳೆದು ತೋರಿಸುವುದಕ್ಕಿಂತ ಇದು ಕೆಟ್ಟದ್ದು. ಸ್ಪೇಸ್ ಒತ್ತುತ್ತಿದ್ದ ಹಾಗೆ ಪದ ಬದಲಾಗಿಬಿಡುತ್ತದೆ, ತಾನು ತಪ್ಪು ಬರೆದಿದ್ದೆ ಅಂತ ಮಗುವಿಗೆ ಗೊತ್ತೇ ಆಗುವುದಿಲ್ಲ. ರಾತ್ರಿ ಊಟ ಆದ ಮೇಲೆ ಮಗನ ಕೈಲಿ ಅವನು ಬರೆದದ್ದನ್ನು ಗಟ್ಟಿಯಾಗಿ ಓದಿಸಲಿ. ಅವರಿಗೆ ಇಂಗ್ಲಿಷ್ ಬರದಿದ್ದರೂ ಪರವಾಗಿಲ್ಲ. ಓದುವಾಗ ಹುಡುಗ ಎಲ್ಲಿ ತಡವರಿಸುತ್ತಾನೋ ಅಲ್ಲಿ ಅವನಿಗೇ ಏನೋ ಸರಿಯಿಲ್ಲ ಅಂತ ಅನಿಸಿರುತ್ತದೆ.

ಕೊನೆಗೆ ನಿಮ್ಮ ಕನ್ನಡ ಮೇಷ್ಟ್ರ ಪ್ರಶ್ನೆ. ಕನ್ನಡಕ್ಕೆ ಕಾಗುಣಿತ ನೋಡುವ ಸೌಲಭ್ಯ ಇದೆ, ವರ್ಡ್‌ಗೂ ಲಿಬ್ರೆ ಆಫೀಸಿಗೂ ಸೇರಿಸಿಕೊಳ್ಳಬಹುದು. ಆದರೆ ಇಂಗ್ಲಿಷಿಗೆ ಇರುವ ಮಟ್ಟದ ವ್ಯಾಕರಣ ಪರೀಕ್ಷೆಯನ್ನು ಅದರಿಂದ ನಿರೀಕ್ಷಿಸಬೇಡಿ. ಕನ್ನಡದ ಸ್ವಭಾವವೇ ಬೇರೆ. ‘ಮರ’ ಅನ್ನುವ ಒಂದು ಪದದಿಂದ ಮರಕ್ಕೆ, ಮರದಲ್ಲಿ, ಮರದಿಂದಲೇ, ಮರಗಳಿಗೂ ಅಂತ ಹೊರಟರೆ ಮುಗಿಯುವುದಿಲ್ಲ. ‘ಹೋಗಬೇಕಾಗಿದ್ದುದರಿಂದ’ ಅಂತ ಒಂದೇ ಪದ ಬರೆಯುತ್ತೇವೆ. ಇದೆಲ್ಲವನ್ನೂ ಪಟ್ಟಿ ಮಾಡಿಡಲು ಆಗದು. ಹಾಗಾಗಿ ಸರಿಯಾದ ಪದಕ್ಕೇ ಕೆಂಪು ಗೆರೆ ಬೀಳುತ್ತದೆ. ನಿಜವಾದ ತಪ್ಪು ಮಾತ್ರ ಹಾಗೇ ಉಳಿಯುತ್ತದೆ. ‘ಮರದ ಮೇಲೆ ಅಕ್ಕಿ ಕೂತಿತ್ತು’ ಅಂತ ಬರೆದರೆ ಗೆರೆ ಬೀಳುವುದಿಲ್ಲ, ಅಕ್ಕಿಯೂ ಒಳ್ಳೆಯ ಪದವೇ. ಮಾತಿನಲ್ಲಿ ಹಕಾರ ಬಿಡುವ ನಮ್ಮ ಹಳ್ಳಿಗಳ ಮಕ್ಕಳಿಗೆ ಇದು ಬಹಳ ಸಾಮಾನ್ಯ.

ನಿಮ್ಮ ಕಡೆ ಇನ್ನೊಂದಿದೆ. ‘ಅಕ್ಕ ಊರಿಂದ ಬಂತು’ ಅಂತ ಮಕ್ಕಳು ಬರೆಯುತ್ತಿರಬೇಕಲ್ಲ? ಬಾಗೇಪಲ್ಲಿ, ಗೌರಿಬಿದನೂರು, ಪಾವಗಡದ ತೆಲುಗು ಮನೆಗಳ ಮಕ್ಕಳಲ್ಲಿ ನಾನು ಇದನ್ನು ಬೇಕಾದಷ್ಟು ನೋಡಿದ್ದೇನೆ. ತೆಲುಗಿನಲ್ಲಿ ಅಕ್ಕ ಬಂದರೂ ‘ವಚ್ಚಿಂದಿ’, ಬಸ್ಸು ಬಂದರೂ ‘ವಚ್ಚಿಂದಿ’. ಕ್ರಿಯಾಪದ ಒಂದೇ. ಮಗು ಆ ಲೆಕ್ಕವನ್ನೇ ಕನ್ನಡಕ್ಕೆ ತಂದಿರುತ್ತದೆ. ಇದನ್ನು ಅಗೌರವ ಅಂತಲೋ ದಡ್ಡತನ ಅಂತಲೋ ತಿಳಿದು ಮಗುವಿಗೆ ಬೈದದ್ದನ್ನೂ ನೋಡಿದ್ದೇನೆ, ಬಹಳ ಬೇಸರವಾಗುತ್ತದೆ. ಎರಡು ಭಾಷೆಯ ಎರಡು ವಾಕ್ಯವನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು, ಏನು ವ್ಯತ್ಯಾಸ ಹೇಳಿ ಅಂದರೆ ಮಕ್ಕಳೇ ಹೇಳುತ್ತಾರೆ. ‘ಬಂತು’ ಕಾಗುಣಿತದಲ್ಲಿ ಸರಿ ಇರುವುದರಿಂದ ಯಾವ ಗೆರೆಯೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ.

ಮೇಷ್ಟ್ರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡುವ ರೂಢಿ ಇಟ್ಟುಕೊಂಡಿದ್ದರೆ ಮೊದಲು ಯೂನಿಕೋಡಿಗೆ, ಅಂದರೆ ಕಂಪ್ಯೂಟರ್ ಕನ್ನಡ ಅಕ್ಷರವನ್ನು ಕನ್ನಡ ಅಂತಲೇ ಗುರುತಿಸುವ ವ್ಯವಸ್ಥೆಗೆ ಬದಲಾಗಲಿ. ಹಳೆಯ ಫಾಂಟಿನ ಅಕ್ಷರ ನಮಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ರಾಶಿ. ಅದರಲ್ಲಿ ಕಾಗುಣಿತ ನೋಡಲೂ ಆಗದು, ಪದ ಹುಡುಕಲೂ ಆಗದು. ಪದ ನೋಡಲು ಅಲರ್ ನಿಘಂಟು ಆನ್‌ಲೈನಿನಲ್ಲಿ ಉಚಿತವಾಗಿದೆ, ಫೋನಿನಲ್ಲೂ ತೆರೆಯುತ್ತದೆ. ಕನ್ನಡ ಪಾಠದಲ್ಲಿ ಗೆರೆಯ ಸಾಫ್ಟ್‌ವೇರ್ ಬದಿಗಿಟ್ಟು ನಿಘಂಟನ್ನೇ ಮಕ್ಕಳ ಕೈಗೆ ಕೊಡಿ ಅಂತ ನನ್ನ ಸಲಹೆ. ಇಬ್ಬಿಬ್ಬರು ಮಕ್ಕಳು ಒಬ್ಬರದ್ದೊಬ್ಬರು ಗಟ್ಟಿಯಾಗಿ ಓದಲಿ. ಅಕ್ಕಿಯಾ ಹಕ್ಕಿಯಾ ಅಂತ ಅನುಮಾನ ಬಂದರೆ ಅವರೇ ತೆರೆದು ನೋಡಿಕೊಳ್ಳಲಿ.